ಕೌದಿ ಕೋಣೆಯ ಗೊರಕೆ

ಅಂಬೇವಾಡಿಯ ಹಳೆಯ ಗೋದಾಮಿನಲ್ಲಿ ಕಲಾಕೇಂದ್ರ ತೆರೆದಾಗ ಗೂಳಪ್ಪನಿಗೆ ಅದರ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅವನಿಗೆ ಇದ್ದದ್ದು ಒಂದೇ ಚಿಂತೆ, ನಿದ್ದೆಯದು. ಕಾಗದದ ಮಿಲ್ಲಿನ ಮಷೀನಿನ ಪಕ್ಕದಲ್ಲೇ ಅವನ ಆಯುಷ್ಯ ಕಳೆದಿತ್ತು. ಬಂಗೂರನಗರದ ಕ್ವಾರ್ಟರ್ಸಿನಲ್ಲಿ ಮಲಗಿದರೂ ಅದರ ಗುಂಯ್ ಗುಂಯ್ ಗೋಡೆ ದಾಟಿ ಬಂದು ಅವನನ್ನು ತೂಗುತ್ತಿತ್ತು. ನಿವೃತ್ತನಾಗಿ ಅಂಬೇವಾಡಿಯ ಸ್ವಂತ ಮನೆಗೆ ಬಂದ ಮೇಲೆ ಆ ಸದ್ದು ನಿಂತುಹೋಯಿತು. ಸದ್ದಿನ ಹಿಂದೆಯೇ ನಿದ್ದೆಯೂ ಹೋಯಿತು.

ನಿದ್ದೆಯಿಲ್ಲದ ಗಂಡಸು ಮನೆಯಲ್ಲಿ ಸುಮ್ಮನೆ ಕೂರುತ್ತಾನೆಯೇ? ಹೆಂಡತಿ ಮಾಲವ್ವನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿದ. ಸಾಸಿವೆ ಹುಡುಕಿದರೆ ಸಕ್ಕರೆ ಸಿಗತೊಡಗಿತು. ಬಾಗಿಲುಗಳ ಕೀಲಿಗೆಲ್ಲ ಎಣ್ಣೆ ಬಿಟ್ಟ. ಎಣ್ಣೆ ಡಬ್ಬಿ ಹಿಡಿದು ಹೊಲಿಗೆ ಮಷೀನಿನ ಕಡೆ, ಅಲ್ಲಿಂದ ಫ್ರಿಜ್ಜಿನ ಕಡೆ ನೋಡತೊಡಗಿದಾಗ ಮಾಲವ್ವನ ತಾಳ್ಮೆ ಮುಗಿಯಿತು.

"ಎಲ್ಲ್ಯಾರ ಹೋಗಿ ಬರ್ರಿ," ಎಂದಳು. "ಆ ಗೋದಾಮಿನ್ಯಾಗ ಏನೋ ಹೊಸಾದು ಹಚ್ಚ್ಯಾರಂತ. ಫ್ಯಾನ್ ಅದಾವಂತ. ಪುಕ್ಕಟೆ ಐತಂತ."

"ಏನ ಹಚ್ಚ್ಯಾರ?"

"ನನಗೇನ ಗೊತ್ತು? ನೋಡಿ ಬಂದು ಹೇಳ್ರಿ. ಸಾವಕಾಶ ಬರ್ರಿ."

ಗೂಳಪ್ಪ ಹೋದ. ಕೇಂದ್ರ ನೋಡಿಕೊಳ್ಳುವ ಸಹನಾ ಎಂಬ ಹುಡುಗಿ ಬಾಗಿಲಲ್ಲೇ ನಮಸ್ಕಾರ ಹೇಳಿ ಒಳಗೆ ಕರೆದಳು. ಮೊದಲ ಕೋಣೆಯಲ್ಲಿ ಹಳಿಯಾಳದ ಕಾಲೇಜು ಹುಡುಗರು ಮೌಳಂಗಿಯ ಹೊಳೆದಂಡೆಯಲ್ಲಿ ಆರಿಸಿ ತಂದ ಪ್ಲಾಸ್ಟಿಕ್ ಬಾಟಲಿಗಳನ್ನು ಮೀನಿನ ಬಲೆಗೆ ಕಟ್ಟಿ ತೂಗುಹಾಕಿದ್ದರು. ಕೆಳಗೆ "ಹೊಳೆಯ ಪ್ರಶ್ನೆ" ಎಂದು ಬರೆದಿತ್ತು.

"ಹೊಳಿ ಏನ ಕೇಳಾಕತ್ತೈತಿ?" ಎಂದು ಗೂಳಪ್ಪ ವಿಚಾರಿಸಿದ.

"ಅದನ್ನ ನೀವ ಕೇಳಿಸ್ಕೋಬೇಕ್ರಿ ಕಾಕಾ," ಎಂದಳು ಸಹನಾ.

ಗೂಳಪ್ಪ ಒಂದು ಬಾಟಲಿಯ ಬಾಯಿಗೆ ಕಿವಿ ಹಚ್ಚಿ ಬಹಳ ಮರ್ಯಾದೆಯಿಂದ ಕಾದ. ಏನೂ ಕೇಳಲಿಲ್ಲ. ಬಾಟಲಿ ಬದಲಿಸಿದ. ಅದರೊಳಗಿಂದ ಒಂದು ಇರುವೆ ಹೊರಬಂದು ಅವನ ಕಿವಿಗೆ ಹೋಯಿತು. ಕಿವಿ ಝಾಡಿಸುತ್ತ ಎರಡನೆಯ ಕೋಣೆಗೆ ನಡೆದ.

ಅದು ನೀಲಂಳ ಕೋಣೆ. ನೀಲಂ ಹಳಿಯಾಳದ ಆಚೆಯ ಸಿದ್ದಿ ಹಳ್ಳಿಯವಳು, ಧಾರವಾಡದಲ್ಲಿ ಚಿತ್ರಕಲೆ ಕಲಿತವಳು. ತನ್ನ ಮಾವಶಿ, ಅಂದರೆ ಅವ್ವನ ತಂಗಿ, ರುಕ್ಮಾ ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಗಳನ್ನು ಹಗ್ಗದ ಮೇಲೆ ಸಾಲಾಗಿ ಹರವಿದ್ದಳು. ಒಂದಕ್ಕೊಂದು ಸೇರಿಸಿ ಹೊಲಿದ ಒಂದು ಉದ್ದನೆಯ ಕೌದಿಯಂತೂ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಲವು ಸುತ್ತು ಹೋಗಿ ಬಂದು ತೂಗುತ್ತಿತ್ತು. ನಡುವೆ ಒಂದು ಹೊರಸು, ಅದರ ಮೇಲೊಂದು ಮೆತ್ತನೆಯ ಕೌದಿ. ಚಿಕ್ಕಂದಿನಲ್ಲಿ ಅವ್ವ ಕೆಲಸ ಮಾಡುತ್ತಿದ್ದ ಹಿಟ್ಟಿನ ಗಿರಣಿಯ ಮೂಲೆಯಲ್ಲಿ ನೀಲಂ ಹೀಗೇ ಮಲಗುತ್ತಿದ್ದಳಂತೆ. ಆ ಗಿರಣಿಯ ಸದ್ದನ್ನೇ ತುಂಬಿಕೊಂಡು ಬಂದು ಸ್ಪೀಕರಿನಲ್ಲಿ ಬಿಟ್ಟಿದ್ದಳು. "ಕೂಡಬಹುದು, ಮಲಗಬಹುದು" ಎಂಬ ಫಲಕವೂ ಇತ್ತು. ಆದರೆ ಬಂದವರು ಮರ್ಯಾದಸ್ಥರು, ಯಾರೂ ಮಲಗಿರಲಿಲ್ಲ.

ಗೂಳಪ್ಪ ಕೂತ. ಗುಂಯ್ ಗುಂಯ್ ಎಂಬುದು ಕಾಲಿನಿಂದ ಏರಿ ಸೊಂಟಕ್ಕೆ, ಸೊಂಟದಿಂದ ತಲೆಗೆ ಬಂತು. ಚಪ್ಪಲಿ ಬಿಟ್ಟದ್ದಷ್ಟೇ ಅವನಿಗೆ ನೆನಪು.

ಅವನ ಗೊರಕೆ ಸಾಮಾನ್ಯದ್ದಲ್ಲ. ಮೊದಲು ಚಾಲೂ ಆಗದ ಟ್ರ್ಯಾಕ್ಟರಿನಂತೆ ಕೆಮ್ಮುತ್ತಿತ್ತು. ಆಮೇಲೆ ಘಟ್ಟ ಏರುವ ಲಾರಿಯಾಗುತ್ತಿತ್ತು. ತುದಿ ಮುಟ್ಟಿದ ಮೇಲೆ ಕುಕ್ಕರಿನ ಸಣ್ಣ ಸಿಳ್ಳು. ಹೊಳೆಯಲ್ಲಿ ದೋಣಿ ಆಡಲು ಹುಬ್ಬಳ್ಳಿಯಿಂದ ಬಂದ ಪ್ರವಾಸಿಗಳು ಒಳಗೆ ಇಣುಕಿ, ನಿಂತು ಕೇಳಿ, ಸಿಳ್ಳಿನ ಹೊತ್ತಿಗೆ ಚಪ್ಪಾಳೆ ತಟ್ಟಿದರು.

ನೀಲಂಗೆ ಸಿಟ್ಟು ಬಂತು. "ನನ್ನ ಕೆಲಸದಾಗ ಇವರ್ಯಾಕ ಗೊರಕಿ ಹೊಡ್ಯಾಕತ್ತಾರ? ಎಬ್ಬಸ್ತೇನಿ."

"ಮಲಗಬಹುದು ಅಂತ ಬರದಾಕಿ ನೀನ," ಎಂದಳು ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರುಕ್ಮಾ. "ಅವಾ ಒಬ್ಬಾವರ ಓದಿದನಲ್ಲ. ಬಿಡು."

ಮರುದಿನ ಗೂಳಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ವಂತ ತಲೆದಿಂಬು ಕಂಕುಳಲ್ಲಿ ಇಟ್ಟುಕೊಂಡು, ಡ್ಯೂಟಿಗೆ ಬಂದವನಂತೆ ಬಂದ. ಅದರ ಮರುದಿನವೂ ಬಂದ. ಸುದ್ದಿ ಹಬ್ಬಿತು. ಜೋಯಿಡಾದಿಂದ ಒಂದು ಟೆಂಪೋ ತುಂಬ ಜನ ಬಂದರು. ಮುಂಡಗೋಡದ ಕ್ಯಾಂಪಿನಿಂದ ಟಿಬೆಟಿ ಭಿಕ್ಷುಗಳು ಬಂದು ಹೊರಸಿನ ಸುತ್ತ ಕೂತರು. ಅವರಲ್ಲಿ ಹಿರಿಯರಾದ ಒಬ್ಬರು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ನೆಲದ ಮೇಲೆಯೇ ಒರಗಿ ತಾವೂ ಗೊರಕೆ ಹೊಡೆದರು. ಅವರದು ಗೂಳಪ್ಪನದಕ್ಕಿಂತ ತಗ್ಗಿನ ದನಿ. ಎರಡೂ ಕೂಡಿ ಚೆನ್ನಾಗಿಯೇ ಇತ್ತು. ನೀಲಂಳ ಸಿಟ್ಟು ಅಂದೇ ಇಳಿಯಿತು.

ಓಣಿಯ ಸಿದ್ದಕ್ಕ ಬಂದು ಮಾಲವ್ವನಿಗೆ ಹೇಳಿದಳು: "ನಿಮ್ಮ ಮನಿಯವರ ಗೊರಕಿ ಭಾಳ ಚಂದ ಐತಂತಲ್ಲವಾ."

"ಅದನ್ನ ನನಗ ಹೇಳಬ್ಯಾಡ. ಲಗ್ನ ಆದಾಗಿಂದ ಕೇಳೇನಿ," ಎಂದಳು ಮಾಲವ್ವ. ಹೇಳಿದ ಮೇಲೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಡಬ್ಬಿಗಳನ್ನು ಮತ್ತೆ ತನ್ನ ಕ್ರಮದಲ್ಲಿ ಇಟ್ಟುಕೊಂಡಳು.

ಹೀಗಿರುವಾಗ ಸುದ್ದಿ ಬಂತು. ಬೆಂಗಳೂರಿನ ದೊಡ್ಡ ಗ್ಯಾಲರಿಗೆ ಯಾವ ಪ್ರದರ್ಶನ ಕಳಿಸಬೇಕೆಂದು ಆರಿಸುವ ಮಹಾಬಳೇಶ್ವರ ಎಂಬ ಅಧಿಕಾರಿ ಐತವಾರ ಧಾರವಾಡದಿಂದ ಬರುವವರಿದ್ದರು. ಸಹನಾ ಗೂಳಪ್ಪನ ಹತ್ತಿರ ಕೂತು ಮೆಲ್ಲಗೆ ಹೇಳಿದಳು: "ಕಾಕಾ, ಐತವಾರ ಒಂದೀಟು ಚಂದಗೆ ಮಲಗ್ರಿ."

ಆ ಮಾತು ಕೇಳಿದ್ದೇ ತಡ, ಗೂಳಪ್ಪನ ನಿದ್ದೆ ಓಡಿಹೋಯಿತು. ಚಂದಗೆ ಮಲಗುವುದೆಂದರೆ ಹೇಗೆ? ಬಲ ಮಗ್ಗುಲೋ ಎಡ ಮಗ್ಗುಲೋ? ಮಾಲವ್ವ ಗಸಗಸೆ ಪಾಯಸ ಮಾಡಿ ಕುಡಿಸಿದಳು. ಹೊಟ್ಟೆ ತುಂಬಿತು, ಕಣ್ಣಿಗೆ ನಿದ್ದೆ ತುಂಬಲಿಲ್ಲ. ಐತವಾರ ಬೆಳಿಗ್ಗೆ ಹೊರಸಿನ ಮೇಲೆ ಕಟ್ಟಿಗೆಯಂತೆ ಬಿಗಿದುಕೊಂಡು ಮಲಗಿ, ಜನ ಬಂದ ಸಪ್ಪಳವಾದಾಗಲೆಲ್ಲ ಗೊರ್ ಗೊರ್ ಅಂದ.

"ಸುಳ್ಳು ಗೊರಕಿ," ಎಂದಳು ರುಕ್ಮಾ.

"ಹೆಂಗ ತಿಳೀತು?" ಎಂದು ಗೂಳಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಮಾತಾಡಾಕತ್ತೀರಲ್ಲ."

ಅಧಿಕಾರಿ ತಡವಾಗಿ ಬಂದರು. ಅದೇ ಒಳ್ಳೆಯದಾಯಿತು. ಕಾದು ಕಾದು ಬೇಸತ್ತು ಗೂಳಪ್ಪ ನಿಜವಾಗಿಯೇ ನಿದ್ದೆ ಹೋಗಿದ್ದ. ಮಹಾಬಳೇಶ್ವರ ಸಣ್ಣ ಮೀಸೆಯ, ಸಂಕೋಚದ ಮನುಷ್ಯ. ಕೈ ಹಿಂದೆ ಕಟ್ಟಿಕೊಂಡು ಬಾಟಲಿಗಳನ್ನು ನೋಡಿ "ಹೂಂ" ಎಂದರು, ಕೌದಿಗಳನ್ನು ನೋಡಿ "ಹೂಂ" ಎಂದರು, ಗೂಳಪ್ಪನ ಎದುರು ನಿಂತು ಮೂರನೆಯ "ಹೂಂ"ಗೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಗಿರಣಿಯ ಸದ್ದು ನಿಂತಿತು.

ಗೂಳಪ್ಪ ದಡಕ್ಕನೆ ಎದ್ದ. ಕಣ್ಣು ತೆರೆದಿತ್ತು, ನಿದ್ದೆ ಬಿಟ್ಟಿರಲಿಲ್ಲ. ಮಿಲ್ಲಿನಲ್ಲಿ ಮಷೀನಿನ ಸದ್ದು ನಿಂತಿತೆಂದರೆ ಕಾಗದ ಹರಿದುಹೋಯಿತೆಂದೇ ಅವನ ಲೆಕ್ಕ. ಸಿಕ್ಕಿಬಿದ್ದ ಕಾಗದವನ್ನು ಎಲ್ಲರೂ ಕೂಡಿ ತಕ್ಷಣ ಎಳೆದು ತೆಗೆಯಬೇಕು. ಅವನ ಎದುರಿಗೇ ಉದ್ದಕ್ಕೆ ತೂಗುತ್ತಿತ್ತು ದೊಡ್ಡ ಕೌದಿ.

"ಮಷೀನ್ ನಿಂತೈತಿ, ಕಾಗದ ಹರದೈತಿ," ಎಂದು ಕೂಗುತ್ತ ಅದರ ತುದಿ ಕಿತ್ತು ಮಹಾಬಳೇಶ್ವರರ ಕೈಗೆ ಕೊಟ್ಟ. "ಏ ಹೊಸಾವಾ, ನಿಂತು ಏನ ನೋಡ್ತಿ? ಇದನ್ನ ಹಿಡದು ಹಿಂದಕ ಹೋಗು. ಸೀದಾ ಹಿಂದಕ."

ಮಹಾಬಳೇಶ್ವರ ಕೌದಿ ಹಿಡಿದು ಹಿಂದಕ್ಕೆ ಹೋದರು. ಹಗ್ಗ ಹರಿದು ಉಳಿದ ಕೌದಿಗಳೆಲ್ಲ ಒಂದರ ಮೇಲೊಂದು ಬಿದ್ದವು. ಸಹನಾ ಒಂದರ ಕೆಳಗೆ ಸಿಕ್ಕಿ ದಾರಿ ಕಾಣದೆ ಬಾಟಲಿಗಳ ಕೋಣೆಗೆ ಹೊಕ್ಕು, ಬಲೆಯನ್ನೂ ಮೈಮೇಲೆ ಹಾಕಿಕೊಂಡಳು. ನೋಡಲು ಬಂದವರೂ ಗೂಳಪ್ಪನ ಮಾತಿಗೆ ಕೌದಿಯ ಅಂಚು ಹಿಡಿದು ಎಳೆಯತೊಡಗಿದರು. ಅಷ್ಟರಲ್ಲಿ ಕರೆಂಟು ಬಂತು.

"ಚಾಲೂ ಆತು," ಎಂದು ಗೂಳಪ್ಪ ಕೈ ಒರೆಸಿಕೊಂಡ. ಆಗ ಅವನಿಗೆ ಪೂರ್ತಿ ಎಚ್ಚರವಾಯಿತು. ಸುತ್ತ ನೋಡಿದ. ಹೊರಸಿನ ಕೆಳಗೆ ಹೋಗಿ ಕೂರಬೇಕೆನ್ನಿಸಿತು, ಆದರೆ ಮೊಣಕಾಲು ಬಾಗಲಿಲ್ಲ.

"ಅವರೆಲ್ಲಿ?" ಎಂದಳು ನೀಲಂ.

ಮಹಾಬಳೇಶ್ವರ ಅಲ್ಲಿರಲಿಲ್ಲ. ಕೌದಿಯ ಗುಂಟ ಹೋಗಿ ನೋಡಿದರೆ, ಅದು ಬಾಗಿಲು ದಾಟಿ, ಮೆಟ್ಟಿಲು ಇಳಿದು, ರಸ್ತೆಗೆ ಅಡ್ಡವಾಗಿ ಚಾಚಿತ್ತು. ಆಚೆ ತುದಿಯಲ್ಲಿ, ಭಜಿ ಅಂಗಡಿಯ ಬೆಂಚಿಗೆ ಬೆನ್ನು ತಾಗಿದ್ದರಿಂದ ಮಾತ್ರ ನಿಂತಿದ್ದ ಮಹಾಬಳೇಶ್ವರ ಎರಡೂ ಕೈಯಿಂದ ಕೌದಿ ಹಿಡಿದುಕೊಂಡಿದ್ದರು. ಹಳಿಯಾಳದ ಬಸ್ಸು ಹಾರ್ನ್ ಹಾಕುತ್ತಿತ್ತು.

"ಸಾಹೇಬ್ರ, ಬಿಡ್ರಿ," ಎಂದ ಗೂಳಪ್ಪ, ಕೈ ಮುಗಿದು.

"ಬಿಡ್ಲೇನು?" ಎಂದರು ಅವರು. "ಖಾತ್ರಿ ಹೇಳ್ರಿ."

ಬಸ್ಸು ಹೋದ ಮೇಲೆ ಎಲ್ಲರೂ ಆ ಬೆಂಚಿನ ಮೇಲೆಯೇ ಕೂತು ಚಹಾ ಕುಡಿದರು. ಗೂಳಪ್ಪ ತಪ್ಪಾಯಿತೆಂದು ಮತ್ತೆ ಮತ್ತೆ ಹೇಳುತ್ತಿದ್ದ. ಮಹಾಬಳೇಶ್ವರ ಮೆಣಸಿನಕಾಯಿ ಭಜಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು.

"ಇಷ್ಟು ವರ್ಷ ಇಂಥವು ನೋಡ್ಕೋತ ಬಂದೇನ್ರಿ," ಎಂದರು. "ಅಲ್ಲಿ ನಿಂತು ನಾ ಏನ ಮಾಡಬೇಕು ಅಂತ ಯಾರರ ಹೇಳಿದ್ದು ಇವತ್ತ ಮೊದಲು. ಮನಸಿಗೆ ಹಗರ ಆತು."

"ಹಂಗಾದ್ರ ಬೆಂಗಳೂರಿಗೆ?" ಎಂದಳು ಸಹನಾ, ಕೂದಲಿನಿಂದ ಬಾಟಲಿಯ ಮುಚ್ಚಳ ತೆಗೆಯುತ್ತ.

"ಇಲ್ಲವಾ. ಅಲ್ಲಿ ಹಿಂದಕ ಹೋಗಾಕ ಜಾಗಾ ಎಲ್ಲೈತಿ?"

ನೀಲಂಗೆ ನಗು ತಡೆಯಲಾಗಲಿಲ್ಲ. ಪ್ರದರ್ಶನವನ್ನು ಇಲ್ಲಿಯೇ ಇನ್ನಷ್ಟು ದಿನ ಮುಂದುವರಿಸುವುದಕ್ಕೆ ಅಧಿಕಾರಿ ಒಪ್ಪಿ ಹೋದರು. ಆದರೆ ರುಕ್ಮಾ ಒಪ್ಪಬೇಕಲ್ಲ. ಬಿಚ್ಚಿಹೋದ ಹೊಲಿಗೆಗಳನ್ನು ತೋರಿಸಿ, ಗೂಳಪ್ಪನ ಕೈಗೆ ಸೂಜಿ ಕೊಟ್ಟು ಕೂರಿಸಿದಳು. ಅವನು ಹೊಲಿದದ್ದನ್ನು ನೋಡಿ, "ಇದು ಕೌದಿ ಐತ್ರಿ, ಸಿಮೆಂಟ್ ಚೀಲ ಅಲ್ಲ," ಎಂದು ಬಿಚ್ಚಿ ಮತ್ತೆ ಕೊಟ್ಟಳು. ಬಂದವರು ಗೊರಕೆ ಎಲ್ಲಿ ಎಂದು ಕೇಳಿದರೆ, "ದುರಸ್ತಿ ನಡದೈತಿ" ಎಂದು ಗೂಳಪ್ಪನೇ ತಲೆಯೆತ್ತದೆ ಹೇಳುತ್ತಿದ್ದ.

ಅವನ ಪಾಡು ನೋಡಿ ನೀಲಂ ಗಿರಣಿಯ ಸದ್ದನ್ನು ಅವನ ಮೊಬೈಲಿಗೆ ಹಾಕಿಕೊಟ್ಟಳು. ಮಗ ಕೊಡಿಸಿದ್ದ ದೊಡ್ಡ ಸ್ಪೀಕರಿಗೆ ಅದನ್ನು ಜೋಡಿಸಿ, ಮಧ್ಯಾಹ್ನದ ಊಟವಾದ ಮೇಲೆ ಗೂಳಪ್ಪ ತನ್ನ ಮನೆಯಲ್ಲೇ ಕಾಲು ಚಾಚಿದ. ಗುಂಯ್ ಗುಂಯ್ ಓಣಿಗೆಲ್ಲ ಹರಡಿತು. ಟ್ರ್ಯಾಕ್ಟರು ಕೆಮ್ಮಿ, ಲಾರಿ ಘಟ್ಟ ಏರತೊಡಗಿದಾಗ ಬಾಗಿಲಲ್ಲಿ ಸಿದ್ದಕ್ಕ ಬಂದು ನಿಂತಳು. ಅವಳ ತಲೆಯ ಮೇಲೆ ಜೋಳದ ಡಬ್ಬಿ.

"ಗಿರಣಿ ಹಾಕೀರಿ, ಒಂದು ಮಾತು ಹೇಳಬಾರದೇನವಾ?" ಎಂದಳು. "ಹಿಟ್ಟು ಸಣ್ಣಂದ ಬೀಸಾಕ ಹೇಳು."

ಮಾಲವ್ವ ಒಳಗೆ ತಿರುಗಿ ನೋಡಿದಳು. ಆಮೇಲೆ ಡಬ್ಬಿಗೆ ಕೈ ಕೊಟ್ಟು ಇಳಿಸಿಕೊಂಡಳು.

"ಬೀಸಾವ ಮಲಗ್ಯಾನ. ಎದ್ದ ಮ್ಯಾಲ ಹೇಳ್ತೇನಿ," ಎಂದಳು.