ಕುರುಡುಬಂಡೆಯ ಸ್ಪಂಜು

ಬಬಲೇಶ್ವರದ ತವರಿನಲ್ಲಿ ಮೂರು ದಿನ ಇದ್ದು ಚಂದ್ರಕಲಾ ಜಲನಗರದ ಮನೆಗೆ ಮರಳಿದಾಗ, ಮಾಳಿಗೆಯ ಗೋಡೆಯ ಮೇಲೆ ಹದಿನಾಲ್ಕು ಗಾಜಿನ ಬಾಟಲಿಗಳು ಬೋರಲಾಗಿ ಒಣಗುತ್ತಿದ್ದವು.

ಕಡಲಿನ ಸಂರಕ್ಷಿತ ಪ್ರದೇಶದ ಗೆರೆ ಎಳೆಯುವ ಸಮಿತಿಯ ಪತ್ರ ಅವಳ ಚೀಲದಲ್ಲೇ ಇತ್ತು. ಸೋಮವಾರದೊಳಗೆ ಕುರುಡುಬಂಡೆಯ ಸ್ಪಂಜು ಕಾರವಾರ ಮುಟ್ಟಬೇಕು.

ಅವಳ ಗಂಡ ಮಹಾದೇವ ಕಡಲಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದವನು. ಅರಬ್ಬಿ ಸಮುದ್ರದಲ್ಲಿ ನೀರಿನಡಿ ಅಡಗಿರುವ ಆ ಬಂಡೆಯಲ್ಲಿ, ಕಲ್ಲಿಗಂಟಿ ಬದುಕುವ, ಬೇರೆಲ್ಲೂ ಕಾಣದ ಸ್ಪಂಜು ಜೀವಿಯೊಂದು ಅವನಿಗೆ ಸಿಕ್ಕಿತ್ತು. ಅದನ್ನು ಸಮಿತಿ ಕಣ್ಣಾರೆ ನೋಡಿದರೆ ಸಂರಕ್ಷಿತ ಪ್ರದೇಶದ ಗೆರೆ ಬಂಡೆಯನ್ನೂ ಒಳಗೊಳ್ಳುತ್ತದೆ. ಇಲ್ಲದಿದ್ದರೆ ಈಚೆಗೇ ನಿಲ್ಲುತ್ತದೆ, ತಳ ಗೋರುವ ಬಲೆಗಳು ಬಂಡೆಯ ಮೇಲೆ ಹಾಯುತ್ತವೆ. ಹೆಸರು ಗುರುತಿಸಲೆಂದು, ಆ ಸ್ಪಂಜೂ ಸೇರಿ ಸ್ಪಿರಿಟ್ಟಿನಲ್ಲಿಟ್ಟ ಜೀವಿಗಳ ಬಾಟಲಿಗಳನ್ನು ಮನೆಗೆ ತಂದಿಟ್ಟು, ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೋದವನು ದೋಣಿಯೊಂದಿಗೆ ಮುಳುಗಿದ. ಏಳು ತಿಂಗಳಾಯಿತು. ದೇಹ ಸಿಗಲಿಲ್ಲ.

"ಅತ್ತಿ, ಬಾಟ್ಲ್ಯಾಗ ಇದ್ದವು ಎಲ್ಲ್ಯಾವ್ರಿ?"

ಅತ್ತೆ ಮುದುಕವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಮಣ್ಣಿಗಿ ಇಟ್ಟು ಬಂದ್ನಿ."

"ಎಲ್ಲಿ?"

"ಟಿಕೋಟಾದ ಹೊಲದಾಗ, ನಿಮ್ಮ ಮಾವನ ಬಾಜೂಕ. ಸತ್ತ ಜೀವ ಎಷ್ಟ್ ದಿನ ಮನ್ಯಾಗ ಇಟಗೋತಿ, ತಂಗಿ? ಉಪ್ಪು ಹಾಕೇನಿ, ವಿಭೂತಿ ಹಚ್ಚೇನಿ." ಕೈ ಮೊರದಲ್ಲೇ ನಿಂತಿತು. "ಅವಂಗ ಹಿಡಿ ಮಣ್ಣ ಹಾಕಾಕ ಆಗಲಿಲ್ಲ. ಅವ ಇದ್ದ ನೀರಾಗಿಂದ ಬಂದಾವ, ಇವಕ್ಕಾದ್ರೂ ಆಗಲಿ ಅಂದ್ನಿ."

ಚಂದ್ರಕಲಾಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದಷ್ಟೇ ಅನ್ನಿಸಿತು.

"ಒಳಗ ಚೀಟಿ ಇದ್ದುವಲ್ರಿ?"

"ಅಕ್ಷರ ಯಾರರೆ ಮಣ್ಣಾಗ ಹಾಕ್ತಾರೇನು? ಒಣಗಿಸಿ ಜಗಲಿ ಮ್ಯಾಲ ಇಟ್ಟೇನಿ."

ದೇವರ ಜಗಲಿಯ ಮೇಲೆ, ಲಿಂಗದ ಪಕ್ಕ, ಹದಿನಾಲ್ಕು ಚೀಟಿಗಳು. ಪೆನ್ಸಿಲಿನ ಅವನ ಅಕ್ಷರ ಒಂದೂ ಅಳಿಸಿರಲಿಲ್ಲ. ದಿನ, ಆಳ, ಜಾಗ. ಏಳನೆಯದು ಕುರುಡುಬಂಡೆ.

ಆ ಚೀಟಿ ತೆಗೆದುಕೊಂಡು, ಓಣಿಯ ಮಲಂಗಸಾಬನ ಟಂಟಂ ರಿಕ್ಷಾ ಹಿಡಿದು ಟಿಕೋಟಾಕ್ಕೆ ಹೊರಟಳು. ಮುದುಕಿಯನ್ನು ಕರೆದೊಯ್ದವನೂ ಅವನೇ.

"ಅವನ್ನ ತುಂಬಿದ್ದ ಡಬ್ಬಿ ನೋಡಿ ನಾ ಕೇಳಿದ್ನಿರಿ, ಏನವ್ವಾ, ಈ ವಯಸ್ಸಿನ್ಯಾಗ ಮೀನಸಾರಿನ ಚಟ ಹತ್ತೇತೇನು ಅಂತ. ಹಾದಿ ತುಂಬ ಬೈದಳ್ರಿ." ಊರು ದಾಟಿದ ಮೇಲೆ ಹೇಳಿದ, "ತೆಗ್ಗು ನಾನ ತೋಡೇನ್ರಿ. ಒಂದೊಂದನ್ನೂ ಕೂಸು ಮಲಗಿಸಿದಂಗ ಇಟ್ಟಳು. ನನಗ ನಗು ಬರಲಿಲ್ಲ."

ಮಾವನ ಗದ್ದುಗೆಯ ಪಕ್ಕ ಮೊಳದಷ್ಟು ಹಸಿ ಗುಡ್ಡೆ. ಮೇಲೆ ಬಾಡಿದ ಬಿಲ್ವಪತ್ರಿ. ಮಲಂಗಸಾಬ ಟಂಟಂ ಬಿಟ್ಟು ಇಳಿಯಲಿಲ್ಲ. ಅವಳು ಕೈಯಿಂದಲೇ ಕೆದರಿದಳು.

ನಕ್ಷತ್ರಮೀನಿನ ಒಂದು ತೋಳು ಸಿಕ್ಕಿತು. ಏಡಿಯ ಚಿಪ್ಪು. ಆಮೇಲೆ ಸ್ಪಂಜುಗಳು. ಹದಿನಾಲ್ಕರಲ್ಲಿ ಐದು ಸ್ಪಂಜು, ಐದೂ ಸ್ಪಿರಿಟ್ಟಿನಲ್ಲಿ ಬಣ್ಣ ಕಳೆದುಕೊಂಡು ಮೊದಲೇ ಒಂದೇ ಬೂದಿಬಣ್ಣಕ್ಕೆ ತಿರುಗಿದ್ದಂಥವು. ಈಗ ಉಪ್ಪು, ವಿಭೂತಿ, ಎರೆಮಣ್ಣು ಕೂಡಿ ಬೆರಳು ತಾಗಿದಲ್ಲಿ ಉದುರುತ್ತಿದ್ದವು. ಅವಳೂ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವಳು. ಎಲ್ಲಿಯದೆಂದು ಹೇಳಲಾಗದ ಚೂರನ್ನು ಸಮಿತಿ ಮುಟ್ಟಿಯೂ ನೋಡದು ಎಂದು ಅವಳಿಗೆ ಗೊತ್ತಿತ್ತು. ಏಳನೆಯ ಚೀಟಿಯನ್ನು ಒಂದೊಂದು ಚೂರಿನ ಪಕ್ಕ ಹಿಡಿದಳು. ಎಲ್ಲವೂ ಹೌದೆನ್ನುವಂತಿದ್ದವು.

ಮತ್ತೆ ಮುಚ್ಚಿದಳು. ಪತ್ರಿಯನ್ನು ಇದ್ದಂತೆಯೇ ಇಟ್ಟಳು. ಗುಡ್ಡೆಯ ಮುಂದೆ ಕೂತೇ ಸಮಿತಿಗೆ ಫೋನಿನಲ್ಲಿ ಎರಡು ಪದ ಬರೆದಳು: ಮಾದರಿ ಉಳಿದಿಲ್ಲ.

ಮನೆಗೆ ಬಂದಾಗ ಮುದುಕವ್ವ ಅವಳ ಉಗುರುಗಳನ್ನು ನೋಡಿದಳು. ಬಚ್ಚಲಿನಿಂದ ಚರಿಗೆ ನೀರು ತಂದು ಕೈಮೇಲೆ ಹೊಯ್ದಳು.

"ಹೊಲಕ್ಕ ಹೋಗಿದ್ದಿ?"

"ಹ್ಞೂಂರಿ."

"ಮಣ್ಣು ಸರಿ ಕೂತೇತೇನು? ನಾಯಿ ಕೆದರಿಲ್ಲಲ್ಲ?"

"ಇಲ್ಲರಿ. ಸರಿ ಕೂತೇತಿ."

ಮುದುಕವ್ವ ಇನ್ನೊಂದು ಚರಿಗೆ ನೀರು ಹೊಯ್ದಳು.