ಚಿಕ್ಕಮ್ಮನ ಮಂಡಿನೋವು

ಆ ಕುರ್ಚಿಯಲ್ಲಿ ಕೂತವರು ಬಾಯಿ ಬಿಡಬಾರದು, ಅದೇ ನಿಯಮ. ಸಣ್ಣ ಕ್ಲಿನಿಕ್ಕಿಗೆ ಜನ ಹೆಚ್ಚಾಗಿ ಯಾವ ಕಾಯಿಲೆ ಹೇಳಿಕೊಂಡು ಬರುತ್ತಾರೆ ಎಂಬುದು ಪುಟ್ಟಿಯ ಸಂಶೋಧನೆ. ಡಾಕ್ಟರ ಕೋಣೆಯ ಮೂಲೆಯಲ್ಲಿ, ತೂಕದ ಯಂತ್ರದ ಪಕ್ಕದ ಆ ಕುರ್ಚಿಯಲ್ಲಿ ಕೂತು, ರೋಗಿ ತಾನಾಗಿ ಹೇಳಿದ್ದನ್ನಷ್ಟೇ ಬರೆದುಕೊಳ್ಳಬೇಕು. ನಗಬಾರದು, ತಲೆಯಾಡಿಸಲೂಬಾರದು. ಈ ವಾಚಾಳಿಗೆ ಯಾವ ಪುಣ್ಯಾತ್ಮ ಇಂಥ ಕೆಲಸ ಕೊಟ್ಟನೋ ಎಂದು ಮನೆಯಲ್ಲಿ ಚಿಕ್ಕಮ್ಮ ನಗುತ್ತಿದ್ದಳು.

ಚಿಕ್ಕಮ್ಮ ಹೊಲಿಗೆಯವಳು. ತಾಯಿಯಿಲ್ಲದ ಪುಟ್ಟಿಯನ್ನು ಮೆಷಿನ್ ತುಳಿದೇ ಸಾಕಿ ಓದಿಸಿದವಳು. ಈಚೆಗೆ ಬಟ್ಟೆ ಕತ್ತರಿಸುವಾಗ ಅವಳ ಬಲಗೈಯಿಂದ ಕತ್ತರಿ ಜಾರಿ ಬೀಳುತ್ತಿತ್ತು. ಕೈ ಸ್ವಲ್ಪ ಹೊತ್ತು ಮರಗಟ್ಟಿ, ಮತ್ತೆ ತಾನೇ ಸರಿಹೋಗುತ್ತಿತ್ತು. "ವಯಸ್ಸಾಯ್ತು, ಇನ್ನೇನು" ಎಂದು ತಳ್ಳಿಹಾಕುತ್ತಿದ್ದವಳ ತಲೆ ತಿಂದು, ಜಗಳವಾಡಿ, ಡಾಕ್ಟರಿಗೆ ತೋರಿಸಲು ಪುಟ್ಟಿ ಕೊನೆಗೂ ಒಪ್ಪಿಸಿದಳು.

ಒಪ್ಪಿದ ಮಹಾತಾಯಿ ಹೇಳದೆ ಕೇಳದೆ ಬಂದದ್ದು ಇದೇ ಕ್ಲಿನಿಕ್ಕಿಗೆ.

"ಏನಮ್ಮ ತೊಂದ್ರೆ?" ಡಾಕ್ಟರು ಕೇಳಿದರು. ಹೊರಗೆ ಜನ ಕಿಕ್ಕಿರಿದಿದ್ದರು.

"ಮಂಡಿ ನೋವು ಡಾಕ್ಟ್ರೇ. ಮೆಷಿನ್ ತುಳಿದೂ ತುಳಿದೂ..."

ಡಾಕ್ಟರು ಮಂಡಿ ಒತ್ತಿ ನೋಡಿ ಮಾತ್ರೆ ಬರೆದರು. "ಬೇರೆ ಏನಾದ್ರೂ ಇದ್ಯಾ?"

ಚಿಕ್ಕಮ್ಮ ಮೂಲೆಯತ್ತ ನೋಡಿದಳು. ಕೈ ಚಿಕ್ಕಮ್ಮ, ಕೈ ವಿಷಯ ಹೇಳು! ಮಾತು ಪುಟ್ಟಿಯ ನಾಲಿಗೆ ತುದಿಗೆ ಬಂದಿತ್ತು. ನಡುವೆ ಬಾಯಿ ಹಾಕಿದರೆ ಅಧ್ಯಯನವೇ ಕೆಟ್ಟೀತು ಎಂದು ಹೆದರಿ, ತಲೆ ತಗ್ಗಿಸಿ 'ಮಂಡಿನೋವು' ಎಂದು ಬರೆದಳು.

"ಇಲ್ಲ, ಅಷ್ಟೇ," ಎಂದು ಚಿಕ್ಕಮ್ಮ ಎದ್ದಳು.

ಒಂದೇ ಒಂದು ಮಾತು! ಹಾಳು ಅಧ್ಯಯನದಿಂದ ಒಬ್ಬ ರೋಗಿಯನ್ನು ಕೈಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಹೋಗಿ ಚಿಕ್ಕಮ್ಮನಿಗೆ ಚೆನ್ನಾಗಿ ಬಯ್ಯಬೇಕು, ನಾಳೆ ತಾನೇ ಕೈಹಿಡಿದು ಕರೆತರಬೇಕು ಎಂದುಕೊಂಡು ಪುಟ್ಟಿ ಸಂಜೆ ಮನೆಗೆ ಹೊರಟಳು. ಬಾಗಿಲು ತೆಗೆದರೆ ಚಿಕ್ಕಮ್ಮ ಮೆಷಿನ್ನಿನ ಪಕ್ಕ ಬಿದ್ದಿದ್ದಳು. ಬಾಯಿ ಸೊಟ್ಟಗಾಗಿತ್ತು.

ಜೀವವೇನೋ ಉಳಿಯಿತು. ಲಕ್ವ ಹೊಡೆದ ಬಲಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಮಾತು ಮರಳಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಪುಟ್ಟಿಯ ಸಂಶೋಧನೆ ಅಚ್ಚಾಗಿತ್ತು. ಜನ ಹೇಳಿಕೊಳ್ಳುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಮಂಡಿನೋವು. ಎಲ್ಲರೂ ಬೆನ್ನು ತಟ್ಟಿದರು. ಅವಳು ಅದನ್ನು ಮನೆಗೇ ತರಲಿಲ್ಲ.

ಒಂದು ಮಧ್ಯಾಹ್ನ ಊಟ ತಿನ್ನಿಸುತ್ತಾ ಕೇಳಿಯೇಬಿಟ್ಟಳು: "ಅವತ್ತು ಕೈ ವಿಷಯ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?"

ಚಿಕ್ಕಮ್ಮನಿಗೆ ಇನ್ನೂ ಮಾತು ತಡವರಿಸುತ್ತಿತ್ತು. "ಹೇಳೋಣ ಅಂತಾನೇ ಬಂದಿದ್ದೆ ಪುಟ್ಟಿ. ನಿನ್ನ ಮುಖ ನೋಡಿದೆ. ಎಲ್ಲಾ ಓದ್ಕೊಂಡಿರೋ ಹುಡುಗಿ, ಅಷ್ಟು ಜಗಳ ಆಡಿದವಳೇ ಸುಮ್ನೆ ಕೂತಿದ್ದಾಳೆ. ದೊಡ್ಡ ಕಾಯಿಲೆ ಆಗಿದ್ರೆ ಯಾವ ನಿಯಮ ಇದ್ರೂ ಬಾಯಿ ಬಿಡ್ತಿದ್ಳು. ಹಾಗಿದ್ರೆ ಹೇಳೋವಂಥದ್ದೇನಲ್ಲ ಅಂದ್ಕೊಂಡೆ."

ಪುಟ್ಟಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

"ಏನಾಯ್ತೇ? ತಿನ್ಸು," ಎಂದು ಚಿಕ್ಕಮ್ಮ ಎಡಗೈಯಿಂದ ಅವಳ ಕೆನ್ನೆ ಒರೆಸಿದಳು.