ನೀಲಿ ಟೇಪಿನ ಪಟ್ಟಿ

ಗಂಡ ಬಿಟ್ಟುಹೋದಾಗಲೂ ರೊಸ್ವಿತಾಳ ಹೊಟ್ಟೆ ಇಷ್ಟು ಉರಿದಿರಲಿಲ್ಲ. ಗಂಡ ಬೇರೆ, ಹಗ್ಗದ ಜೊತೆಗಾರ ಬೇರೆ. ಹನ್ನೊಂದು ವರ್ಷ ತನ್ನ ಹಗ್ಗದ ಇನ್ನೊಂದು ತುದಿ ಹಿಡಿದ ಎಕಾರ್ಟ್, ನಿನ್ನೆ ಮೊನ್ನೆ ಬಂಡೆ ಹತ್ತಲು ಕಲಿತ ಫೆನ್ಯಾಳನ್ನು ಕರೆದುಕೊಂಡು ಅಂಗಡಿಗೆ ಹೋದನೆಂದರೆ ಯಾರು ತಾನೇ ಸಹಿಸುತ್ತಾರೆ?

ಅದೂ ಕ್ವಿಕ್‌ಡ್ರಾ ಆರಿಸಲು! ಎರಡು ಕೊಂಡಿ, ನಡುವೆ ಒಂದು ಪಟ್ಟಿ. ಮೇಲಿನ ಕೊಂಡಿ ಬಂಡೆಗೆ ಹೊಡೆದ ಉಕ್ಕಿನ ಬಳೆಗೆ, ಕೆಳಗಿನದು ಹಗ್ಗಕ್ಕೆ. ನೋಡಿದರೆ ಇಷ್ಟೇ. ಆದರೆ ಕೊಂಡಿ ತೀರಾ ಸಣ್ಣದಾದರೆ ಚಳಿಗೆ ಮರಗಟ್ಟಿದ ಬೆರಳು ಒದ್ದಾಡುತ್ತದೆ, ಪಟ್ಟಿ ತೆಳ್ಳಗಾದರೆ ಆತುರದಲ್ಲಿ ಕೈಗೆ ದಕ್ಕುವುದಿಲ್ಲ, ಬಂಡೆ ಮುಂದಕ್ಕೆ ಚಾಚಿದ ಕಡೆ ಪಟ್ಟಿ ಗಿಡ್ಡವಾದರೆ ಹಗ್ಗ ಉಜ್ಜಿ ಉಜ್ಜಿ ಪ್ರಾಣ ಹಿಂಡುತ್ತದೆ. ಇದನ್ನೆಲ್ಲ ಎಕಾರ್ಟ್‌ಗೆ ಕಲಿಸಿದವಳೇ ಅವಳು.

ಗುರುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕೊಂಡಿಗಳಿಗೆ ಹೊಸ ಪಟ್ಟಿ ಹಾಕುತ್ತ ಕೂತಿದ್ದಾಗ ಅವನ ಫೋನು ಬಂದಿತ್ತು. "ಫೆನ್ಯಾಗೆ ಹನ್ನೆರಡು ಕೊಡಿಸ್ತಿದೀನಿ. ನೀನು ಸುಮ್ನೆ ಯಾಕೆ ಬರ್ತೀಯ, ನಾವೇ ನೋಡ್ಕೋತೀವಿ."

ನಾವೇ! ಆ ಮಾತು ಶನಿವಾರ ಬೆಳಿಗ್ಗೆ ಬೀಚ್ ಎಂಬ ಕಾಡುಮರಗಳ ನಡುವಿನ ಕಾಲುದಾರಿಯಲ್ಲೂ ಅವಳನ್ನು ಚುಚ್ಚುತ್ತಲೇ ಇತ್ತು.

ಬಂಡೆಯ ಬುಡದಲ್ಲಿ ಫೆನ್ಯಾ ಸೊಂಟಪಟ್ಟಿ ಬಿಗಿಯುತ್ತಿದ್ದಳು. ಅದಕ್ಕೆ ತೂಗುಹಾಕಿದ್ದ, ಹಸಿರು ಟೇಪು ಸುತ್ತಿದ ಹೊಸ ಕ್ವಿಕ್‌ಡ್ರಾಗಳ ನಡುವೆ ಒಂದು ಉದ್ದನೆಯದು. ಅದರ ಮೇಲೆ ನೀಲಿ ಟೇಪು. ಯಾರ ಸಾಮಾನು ಯಾರದೆಂದು ತಿಳಿಯಲು ಎಲ್ಲರೂ ಟೇಪು ಸುತ್ತುತ್ತಾರೆ. ನೀಲಿ ಎಂದರೆ ರೊಸ್ವಿತಾ ಮತ್ತು ಎಕಾರ್ಟ್.

"ಅದು ಅಲ್ಲಿಗೆ ಹೇಗೆ ಬಂತು?"

"ಗಾಡಿಲಿದ್ದ ನಿನ್ನ ಚೀಲದಿಂದ ನಾನೇ ತೆಗ್ದು ಕೊಟ್ಟೆ," ಎಂದ ಎಕಾರ್ಟ್. "ನಾಲ್ಕನೇ ಬಳೆಗೆ ಉದ್ದದ್ದು ಬೇಕಲ್ಲ. ಕೊಂಡಿ ಬಿಚ್ಚಿ ಜೋಡ್ಸೋದು ಗಾಡಿಲೇ ಕಲ್ತ್ಕೊ ಅಂತಾನೂ ಇವಳಿಗೆ ಹೇಳ್ದೆ."

"ಕೊಡು ಕೊಡು. ನನ್ನ ಬೂಟೂ ಕೊಟ್ಬಿಡು."

"ನಿನ್ನ ಬೂಟು ನನಗೆ ದೊಡ್ಡದಾಗುತ್ತೆ ಕಣೆ," ಎಂದು ಫೆನ್ಯಾ ನಕ್ಕಳು. ಬಂಡೆಯ ಬುಡದಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಆದರೂ ಇಪ್ಪತ್ತೆರಡು ವರ್ಷ ಚಿಕ್ಕವಳ ಬಾಯಲ್ಲಿ ಅದು ಕೇಳಿ ರೊಸ್ವಿತಾಳ ಮೈ ಉರಿಯಿತು.

ಫೆನ್ಯಾ ಹತ್ತಿದಳು. ಎಕಾರ್ಟ್ ಕೆಳಗಿನಿಂದ ಹಗ್ಗ ಬಿಡುತ್ತಿದ್ದ, ಕಣ್ಣು ಅವಳ ಮೇಲೆಯೇ. ನಾಲ್ಕನೆಯ ಬಳೆಗೆ ಅವಳು ಉದ್ದನೆಯದನ್ನು ಸಿಕ್ಕಿಸಿದಳು. ಕೆಳಗಿನ ಕೊಂಡಿ ಸೊಟ್ಟಗೆ ತೂಗಿತು.

ರೊಸ್ವಿತಾಳಿಗೆ ಗೊತ್ತಾಯಿತು. ಕೊಂಡಿ ಅಲುಗದಿರಲೆಂದು ಪಟ್ಟಿಯ ತುದಿಗೆ ಹಾಕುವ ಪುಟ್ಟ ರಬ್ಬರಿದೆಯಲ್ಲ, ಕೊಂಡಿ ಅದೊಂದರಲ್ಲೇ ನೇತಾಡುತ್ತಿತ್ತು. ಪಟ್ಟಿಯ ಕುಣಿಕೆಯೊಳಗೆ ಹೋಗಿರಲೇ ಇಲ್ಲ. ಅದರ ಮೇಲೆ ಭಾರ ಬಿದ್ದರೆ ರಬ್ಬರು ಕಿತ್ತುಬರುತ್ತದೆ.

ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನಿದ್ದಳು. ನೋಡಲಿ ಇವನು, ತನ್ನ ಶಿಷ್ಯೆಯ ಕೆಲಸವನ್ನು. ಆಮೇಲೆ ಕಿರುಚಿದಳು. "ಅದಕ್ಕೆ ಹಗ್ಗ ಹಾಕ್ಬೇಡ! ಅದನ್ನ ಬಳೆಯಿಂದ ಬಿಚ್ಕೊಂಡು ಇಳಿ!"

ಮೂರನೆಯ ಬಳೆಯಿಂದ ಎಕಾರ್ಟ್ ಅವಳನ್ನು ಇಳಿಸಿದ. ಅವಳು ತಂದ ಪಟ್ಟಿಯ ಕೆಳಗಿನ ಕೊಂಡಿಯನ್ನು ಎರಡು ಬೆರಳಲ್ಲಿ ಎಳೆದ. ರಬ್ಬರು ಹರಿದು ಕೊಂಡಿ ಅವನ ಅಂಗೈಗೆ ಬಿತ್ತು. ಅವನು ಫೆನ್ಯಾಳ ಕಡೆ ತಿರುಗಿದ.

"ಬಿಚ್ಚಿ ಜೋಡಿಸು ಅಂದ್ರೆ ಹಿಂಗಾ ಜೋಡ್ಸೋದು? ಸಾಯ್ತಿದ್ದೆ! ಇನ್ನು ನನ್ನ ಹಗ್ಗ ಮುಟ್ಬೇಡ."

"ನಾನು ಹೊಸದನ್ನ ಬಿಚ್ಚಿದ್ದು... ಇದನ್ನೂ ಬಿಚ್ಚಿದ್ನೇನೋ," ಎಂದಳು ಫೆನ್ಯಾ. "ನೆನಪೇ ಆಗ್ತಿಲ್ಲ."

ಎರಡು ತಿಂಗಳಿಂದ ರೊಸ್ವಿತಾ ಕೇಳಬೇಕೆಂದಿದ್ದ ಮಾತನ್ನೇ ಎಕಾರ್ಟ್ ಆಡಿದ್ದ. ಹೊಟ್ಟೆ ತಣ್ಣಗಾಯಿತು. ಆಗ ಅವಳ ಕಣ್ಣು ಪಟ್ಟಿಯ ಮೇಲೆ ಬಿತ್ತು. ರಬ್ಬರಿನ ಬುಡಕ್ಕೆ ಸುತ್ತಿದ ಟೇಪಿನ ತುದಿ ಒಳಕ್ಕೆ ಮಡಚಿ ಒತ್ತಿದಂತೆ ಹಾಗೇ ಇತ್ತು, ಅವಳೊಬ್ಬಳೇ ಮಡಚುವ ಹಾಗೆ. ಆ ಟೇಪು ಬಿಡಿಸದೆ ರಬ್ಬರನ್ನು ಯಾರೂ ತೆಗೆಯಲಾರರು. ಗುರುವಾರ ಸಂಜೆ ತಾನೇ ಸುತ್ತಿದ್ದು. 'ನಾವೇ' ಎಂಬ ಮಾತು ಕಿವಿಯಲ್ಲಿರುವಾಗ.

ಬಾಯಿ ಮುಚ್ಚಿಕೊಂಡಿದ್ದರೆ ಎಕಾರ್ಟ್ ಅವಳವನೇ.

"ಅವಳನ್ನ ಬೈಬೇಡ," ಎಂದಳು ರೊಸ್ವಿತಾ. "ಜೋಡ್ಸಿದ್ದು ನಾನು. ನಿನ್ನ ಮೇಲಿನ ಸಿಟ್ಟಲ್ಲಿ, ಇವಳ ಮೇಲಿನ ಹೊಟ್ಟೆಕಿಚ್ಚಲ್ಲಿ."

ಅವಳು ತನ್ನ ಚೀಲ ತಂದು ಎಲ್ಲವನ್ನೂ ಫೆನ್ಯಾಳ ಮುಂದೆ ಸುರಿದಳು.

"ಒಂದೊಂದನ್ನೂ ಎಳೆದು ನೋಡು. ನೀನು ಸರಿ ಅಂದಿದ್ದನ್ನ ಮಾತ್ರ ಇವತ್ತು ನಾನು ಒಯ್ತೀನಿ."

ಹನ್ನೊಂದು ವರ್ಷ ಮೂವರ ಸಾಮಾನೇ ಆಗಲಿ, ಆರು ಜನರದೇ ಆಗಲಿ, ಎಳೆದು ನೋಡುವ ಕೆಲಸ ರೊಸ್ವಿತಾಳದಾಗಿತ್ತು. ಫೆನ್ಯಾ ಮಂಡಿಯೂರಿ ಮೊದಲನೆಯದನ್ನು ಕೈಗೆತ್ತಿಕೊಂಡಳು.